ಲ್ಯಾಬ್ ಸೇರುವ ಮೊದಲು ಫ್ರೀಜರ್ ತೆಗೆಸಿ ನೋಡಿ

ಪಿಎಚ್‌ಡಿ ಸೇರಬೇಕು ಅಂತಿರುವವರು ಆಗಾಗ ಇನ್‌ಬಾಕ್ಸಿಗೆ ಬಂದು ಕೇಳುತ್ತಾರೆ, ಬಯಾಲಜಿಯಲ್ಲಿ ಯಾವ ಲ್ಯಾಬ್ ಸೇರಿದರೆ ಒಳ್ಳೆಯದು ಅಂತ. ಜೊತೆಗೆ ಒಂದು ಪಟ್ಟಿಯೂ ಇರುತ್ತದೆ. ಗೈಡ್ ಯಾರು, ಎಷ್ಟು ಪೇಪರ್, ಯಾವ ಜರ್ನಲ್. ಅದೆಲ್ಲ ನೋಡಲೇಬೇಕು, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಮುಂದಿನ ಐದಾರು ವರ್ಷ ಹೇಗಿರುತ್ತದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ನಾನಾದರೆ ಮೊದಲು ಇದನ್ನು ಕೇಳುತ್ತೇನೆ: ಯಾರ ಪ್ರಾಜೆಕ್ಟಿಗೂ ಸೇರದ ಕೆಲಸವನ್ನು ಆ ಲ್ಯಾಬಿನಲ್ಲಿ ಯಾರು ಮಾಡುತ್ತಾರೆ? ಮಾಡಿದವರನ್ನು ಯಾರಾದರೂ ಲೆಕ್ಕಕ್ಕೆ ತಗೊಳ್ಳುತ್ತಾರಾ?

ಲ್ಯಾಬ್ ನೋಡಲು ಹೋದಾಗ ಎಲ್ಲರೂ ಹೊಸ ಮೈಕ್ರೋಸ್ಕೋಪ್ ತೋರಿಸುತ್ತಾರೆ. ನೀವು ಮೈನಸ್ 80 ಡಿಗ್ರಿ ಫ್ರೀಜರ್ ತೋರಿಸಿ ಅನ್ನಿ.

ವರ್ಷಗಟ್ಟಲೆ ಮಾಡಿದ ಬ್ಯಾಕ್ಟೀರಿಯಾ ಸ್ಟಾಕ್, ಪ್ಲಾಸ್ಮಿಡ್ (ಬೇಕಾದ ಜೀನ್ ಸೇರಿಸಿಟ್ಟ ಡಿಎನ್‌ಎ ಉಂಗುರ), ಪ್ರೋಟೀನ್, ಟಿಶ್ಯೂ ಎಲ್ಲ ಅದರೊಳಗಿರುತ್ತದೆ. ಕೆಲವು ಲ್ಯಾಬ್‌ಗಳಲ್ಲಿ ಬಾಗಿಲು ತೆಗೆದರೆ ಮೊದಲು ಕಾಣುವುದು ಮಂಜಿನ ಗಟ್ಟಿ ಪದರ. ಕೆರೆದು ಒಂದು ಡಬ್ಬ ಹೊರಗೆ ಎಳೆದರೆ ಮುಚ್ಚಳದ ಮೇಲೆ ಅರ್ಧ ಅಳಿಸಿದ ಎರಡು ಅಕ್ಷರ. ಆ ಇನಿಷಿಯಲ್ ಯಾರದ್ದು ಅಂತ ಈಗ ಇರುವವರಿಗೆ ಗೊತ್ತಿಲ್ಲ. ಒಳಗಿನ ಟ್ಯೂಬ್‌ಗಳ ಮೇಲೆ 'ಹೊಸದು', 'ಹೊಸದು 2', 'ಫೈನಲ್'. ಬಿಸಾಡಲು ಯಾರಿಗೂ ಧೈರ್ಯವಿಲ್ಲ, ಬಳಸಲು ಯಾರಿಗೂ ನಂಬಿಕೆಯಿಲ್ಲ. ಅಷ್ಟರಲ್ಲಿ ಅಲಾರಂ ಕೂಗಲು ಶುರುವಾಗುತ್ತದೆ, ಬಾಗಿಲು ಹಾಕಿಬಿಡುತ್ತಾರೆ. ಮೂರು ವರ್ಷದ ಹಿಂದೆ ಸೀನಿಯರ್ ಒಬ್ಬರು ಮಾಡಿಟ್ಟ ಪ್ಲಾಸ್ಮಿಡ್ಡನ್ನೇ ಹೊಸ ಹುಡುಗಿ ಮತ್ತೆ ಮೊದಲಿನಿಂದ ಕ್ಲೋನ್ ಮಾಡುತ್ತಾಳೆ. ತಿಂಗಳುಗಳೇ ಹೋಗುತ್ತವೆ. ಇದನ್ನು ಯಾರೂ ನಷ್ಟ ಅಂತ ಬರೆದಿಡುವುದಿಲ್ಲ.

ಇನ್ನು ಕೆಲವು ಕಡೆ ಪ್ರತಿ ಡಬ್ಬಕ್ಕೂ ನಂಬರ್, ಪ್ರತಿ ಟ್ಯೂಬಿಗೂ ಒಂದು ದಾಖಲೆ. ಯಾರು ಮಾಡಿದ್ದು, ಯಾವ ದಿನ, ಜೀನ್ ಸೇರಿಸಿದ್ದು ಯಾವ ವೆಕ್ಟರ್‌ಗೆ, ಯಾವ ಆಂಟಿಬಯಾಟಿಕ್‌ನಲ್ಲಿ ಬೆಳೆಸಬೇಕು, ಡಿಎನ್‌ಎ ಸೀಕ್ವೆನ್ಸ್ ನೋಡಿದ್ದಾರಾ ಇಲ್ಲವಾ. ಇದು ತಾನಾಗಿ ಆಗುವುದಿಲ್ಲ. ಯಾರೋ ಒಬ್ಬರು ತಮ್ಮ ಪ್ರಯೋಗ ಬದಿಗಿಟ್ಟು, ಡ್ರೈ ಐಸ್ ತಂದು, ದಪ್ಪ ಗ್ಲೌಸ್ ಹಾಕಿಕೊಂಡು ಕೂತು ಮಾಡಿರುತ್ತಾರೆ. ಯಾರು ಅಂತ ಕೇಳಿ. ಗೈಡ್‌ಗೆ ಆ ಹೆಸರು ತಕ್ಷಣ ನೆನಪಾದರೆ ಒಳ್ಳೆಯ ಲಕ್ಷಣ.

ಬಯಾಲಜಿ ಲ್ಯಾಬಿನ ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನಾವು ಜೀವ ಇರುವುದರ ಜೊತೆ ಕೆಲಸ ಮಾಡುತ್ತೇವೆ, ಅದಕ್ಕೆ ಭಾನುವಾರ ಇಲ್ಲ. 37 ಡಿಗ್ರಿಯಲ್ಲಿ, 5 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಮೀಡಿಯಾ ಎಂಬ ಪೋಷಕ ದ್ರವದೊಳಗೆ ಬೆಳೆಯುತ್ತಿರುವ ಸೆಲ್ಸ್ (ಜೀವಕೋಶಗಳು) ಪ್ಲೇಟ್ ತುಂಬಿದರೆ ಬೇರೆ ಪ್ಲೇಟಿಗೆ ಹಾಕಲೇಬೇಕು. ಡ್ರೊಸೊಫಿಲಾ ಎಂಬ ಹಣ್ಣಿನ ನೊಣ ಸಾಕುವವರ ಕಷ್ಟ ಇನ್ನೂ ಬೇರೆ. ಕ್ರಾಸ್ ಮಾಡಲು ಇನ್ನೂ ಗಂಡಿನ ಜೊತೆ ಕೂಡದ ಹೆಣ್ಣು ನೊಣ ಬೇಕು. 25 ಡಿಗ್ರಿಯಲ್ಲಿ ಪ್ಯೂಪಾ ಕವಚದಿಂದ ಹೊರಬಂದ ಹೆಣ್ಣನ್ನು ಸುಮಾರು ಎಂಟು ಗಂಟೆಯೊಳಗೆ ಬೇರೆ ಮಾಡಬೇಕು. ಅಂದರೆ ಬೆಳಿಗ್ಗೆ ಬಂದು ಆರಿಸಬೇಕು, ಸಂಜೆ ಮತ್ತೆ ಆರಿಸಬೇಕು. ಮನೆಯಲ್ಲಿ ಮದುವೆಯಿರಲಿ, ನಿಮಗೇ ಜ್ವರವಿರಲಿ.

ಆಗಲೇ ಲ್ಯಾಬಿನ ನಿಜವಾದ ಬಣ್ಣ ಗೊತ್ತಾಗುವುದು. "ಈ ವಾರ ನನ್ನ ಸೆಲ್ಸ್ ನೋಡ್ಕೋತೀಯಾ?" ಅಂತ ಸಂಕೋಚವಿಲ್ಲದೆ ಕೇಳಬಹುದಾ? ಕೇಳಿದರೆ "ಯಾವ ಫ್ಲಾಸ್ಕ್, ಎಷ್ಟು ಮೀಡಿಯಾ, ಬರೆದಿಟ್ಟು ಹೋಗು" ಅಂತ ಸಲೀಸಾಗಿ ಉತ್ತರ ಬರುತ್ತದಾ? ಇಲ್ಲವೇ ಸಹಾಯ ಕೇಳುವವರು ಕೆಲವರು, ಮಾಡುವವಳು ಮಾತ್ರ ಯಾವಾಗಲೂ ಅದೇ ಒಬ್ಬಳಾ? ನಾನು ಕಂಡ ಲ್ಯಾಬ್‌ಗಳಲ್ಲಿ ಈ ಕೆಲಸ ಜಾಸ್ತಿ ಬೀಳುವುದು ಹುಡುಗಿಯರ ಮೇಲೆ. ಆರ್ಡರ್ ಹಾಕುವುದು, ಜೂನಿಯರ್‌ಗಳಿಗೆ ಕಲಿಸುವುದು, ಬರ್ತ್‌ಡೇ ನೆನಪಿಡುವುದು. "ಅವಳು ತುಂಬಾ ಅಚ್ಚುಕಟ್ಟು" ಅಂತ ಹೊಗಳಿದರೆ ಮುಗಿಯಿತು, ಕೆಲಸ ಕಾಯಂ ಆಗಿ ಅವಳದ್ದಾಗುತ್ತದೆ. ಹುಡುಗರಿಗೆ ಅಚ್ಚುಕಟ್ಟು ಬರುವುದಿಲ್ಲವಂತೆ. ಒಂದು ಮೈಕ್ರೋಲೀಟರ್ ಪಿಪೆಟ್ ಮಾಡುವ ಕೈಗೆ ಟಿಪ್ ಬಾಕ್ಸ್ ತುಂಬಲು ಬರುವುದಿಲ್ಲ ಅಂದರೆ ನಂಬಬೇಕಾ?

ಹೆದರಿಕೆಯ ವಿಷಯಕ್ಕೆ ಬರುತ್ತೇನೆ. ಸೆಲ್ ಕಲ್ಚರ್ ಮಾಡುವವರಿಗೆ ಮೈಕೋಪ್ಲಾಸ್ಮಾ ಅಂದರೆ ಸಾಕು, ಮುಖ ಸಪ್ಪಗಾಗುತ್ತದೆ. ಇದು ತೀರಾ ಚಿಕ್ಕ ಬ್ಯಾಕ್ಟೀರಿಯಾ. ಇದಕ್ಕೆ ಸೆಲ್ ವಾಲ್ (ಹೊರಗೋಡೆ) ಇಲ್ಲ, ಹಾಗಾಗಿ ಆ ಗೋಡೆಗೇ ಹೊಡೆಯುವ, ನಾವು ಮೀಡಿಯಾಗೆ ಸೇರಿಸುವ ಪೆನಿಸಿಲಿನ್ ಇದನ್ನು ಏನೂ ಮಾಡುವುದಿಲ್ಲ. 0.22 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳಬಲ್ಲದು. ಬೇರೆ ಬ್ಯಾಕ್ಟೀರಿಯಾ ಬಂದರೆ ಮೀಡಿಯಾ ಕದಡಿ ಗೊತ್ತಾಗುತ್ತದೆ, ಇದು ಬಂದರೆ ಮೀಡಿಯಾ ತಿಳಿಯಾಗಿಯೇ ಇರುತ್ತದೆ. ಸೆಲ್ಸ್ ಸಾಮಾನ್ಯವಾಗಿ ಸಾಯುವುದಿಲ್ಲ, ಸುಮ್ನೆ ವಿಚಿತ್ರವಾಗಿ ವರ್ತಿಸುತ್ತವೆ. ನಿಮ್ಮ ಡೇಟಾ ಎಲ್ಲ ಆ ವಿಚಿತ್ರದ ಮೇಲೆ ನಿಂತಿರುತ್ತದೆ. ಒಬ್ಬರ ಫ್ಲಾಸ್ಕಿನಿಂದ ಎಲ್ಲರೂ ಸೆಲ್ಸ್ ಕೆಲಸ ಮಾಡುವ ಗಾಜಿನ ಗೂಡಿಗೆ (ಹುಡ್), ಹಂಚಿಕೊಂಡ ಮೀಡಿಯಾ ಬಾಟಲಿಗೆ, ಅಲ್ಲಿಂದ ಇಡೀ ಲ್ಯಾಬಿಗೆ ಹರಡುತ್ತದೆ.

ಪತ್ತೆ ಮಾಡಲು ಪಿಸಿಆರ್ ಟೆಸ್ಟ್ ಇದೆ, ಅದು ಸುಲಭ. ಕಷ್ಟ ಇರುವುದು ಪಾಸಿಟಿವ್ ಬಂದ ಮೇಲೆ. ಬೈಗುಳ ತಿನ್ನಬೇಕಾಗುತ್ತದೆ ಅಂತ ಗೊತ್ತಿರುವ ಲ್ಯಾಬಿನಲ್ಲಿ ಜನ ಟೆಸ್ಟೇ ಮಾಡುವುದಿಲ್ಲ, ಮಾಡಿದರೂ ಬಾಯಿ ಬಿಡುವುದಿಲ್ಲ. ಆ ಫ್ಲಾಸ್ಕ್ ಮಾತ್ರ ಸದ್ದಿಲ್ಲದೆ ಮಾಯವಾಗುತ್ತದೆ. ಅಷ್ಟರಲ್ಲಿ ಪಕ್ಕದವರಿಗೆ ಅಂಟಿರುತ್ತದೆ. "ನನ್ನ ಸೆಲ್ಸ್ ಪಾಸಿಟಿವ್ ಬಂದಿದೆ, ಎಲ್ಲರೂ ನೋಡ್ಕೊಳ್ಳಿ" ಅಂತ ಮೀಟಿಂಗಿನಲ್ಲಿ ಹೇಳಿದವರಿಗೆ ಥ್ಯಾಂಕ್ಸ್ ಸಿಗುವ ಲ್ಯಾಬಿನ ಡೇಟಾವನ್ನು ನಾನು ನಂಬುತ್ತೇನೆ. ಇಲ್ಲಿ ಒಳ್ಳೆಯತನ ಬೇರೆ, ವಿಜ್ಞಾನ ಬೇರೆ ಅಲ್ಲ.

ಇದು ಸಣ್ಣಪುಟ್ಟ ಲ್ಯಾಬ್‌ಗಳ ಸಮಸ್ಯೆ ಅಂದುಕೊಳ್ಳಬೇಡಿ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕ್ಯಾನ್ಸರ್ ರೋಗಿಯ ದೇಹದಿಂದ, ಅವರನ್ನು ಕೇಳದೆಯೇ ತೆಗೆದ ಹೀಲಾ ಸೆಲ್ಸ್ ಜಗತ್ತಿನ ಎಷ್ಟೋ ಲ್ಯಾಬ್‌ಗಳಿಗೆ ಹೋದವು. ಎಷ್ಟು ಜೋರಾಗಿ ಬೆಳೆಯುತ್ತಿದ್ದವೆಂದರೆ ಬೇರೆ ಸೆಲ್ಸ್ ಜೊತೆ ಬೆರೆತು ಅವನ್ನೇ ಅಳಿಸಿಹಾಕಿದವು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ವಿಜ್ಞಾನಿ ಸಹೋದ್ಯೋಗಿಗಳ ಮುಂದೆ ನಿಂತು, ನೀವು ಬೇರೆ ಬೇರೆ ಅಂದುಕೊಂಡ ಎಷ್ಟೋ ಸೆಲ್ ಲೈನ್‌ಗಳು (ಲ್ಯಾಬಿನಲ್ಲಿ ಬೆಳೆಸುತ್ತಲೇ ಬಂದ ಸೆಲ್ಸ್) ಹೀಲಾನೇ ಅಂದರು. ಕೇಳಿದವರಿಗೆ ಅದು ಹಿಡಿಸಲಿಲ್ಲ. ಬಹಳ ಜನ ಅದೇ ಸೆಲ್ಸ್ ಇಟ್ಟುಕೊಂಡು ವರ್ಷಗಟ್ಟಲೆ ಪೇಪರ್ ಬರೆಯುತ್ತಲೇ ಹೋದರು. ಕೆಟ್ಟ ಸುದ್ದಿ ತಂದವರನ್ನು ದೂರ ಇಡುವ ಚಟ ದೊಡ್ಡವರಿಗೂ ಇದೆ.

ಕಲಿಸುವ ಕೆಲಸದ ಬಗ್ಗೆ ಒಂದು ಮಾತು. ಪ್ರೋಟೋಕಾಲ್‌ನಲ್ಲಿ 'ನಿಧಾನವಾಗಿ ಬೆರೆಸಿ' ಅಂತ ಬರೆದಿರುತ್ತದೆ. ಎಷ್ಟು ನಿಧಾನ? ಟ್ರಾನ್ಸ್‌ಫಾರ್ಮೇಷನ್ (ಬ್ಯಾಕ್ಟೀರಿಯಾ ಒಳಗೆ ಪ್ಲಾಸ್ಮಿಡ್ ಸೇರಿಸುವುದು) ಮಾಡುವಾಗ, ಅದಕ್ಕೆಂದೇ ತಯಾರಿಸಿದ ಕಾಂಪಿಟೆಂಟ್ ಸೆಲ್ಸನ್ನು ಐಸ್ ಮೇಲೆಯೇ ಕರಗಿಸಬೇಕು, ಪಿಪೆಟ್‌ನಿಂದ ಮೇಲೆ ಕೆಳಗೆ ಎಳೆಯಬಾರದು, ಬೆರಳಲ್ಲಿ ಮೆಲ್ಲಗೆ ತಟ್ಟಬೇಕು, 42 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷದೊಳಗೆ ಮುಗಿಸಿ ಮತ್ತೆ ಐಸಿಗೆ ತರಬೇಕು. ಆಂಪಿಸಿಲಿನ್ ಎಂಬ ಆಂಟಿಬಯಾಟಿಕ್ ಹಾಕಿದ ಪ್ಲೇಟ್ ತಿಂಗಳುಗಟ್ಟಲೆ ಹಳೆಯದಾಗಿದ್ದರೆ ಬೇಡದ ಕಾಲೊನಿಗಳೂ ಬರುತ್ತವೆ. ಇದೆಲ್ಲ ಪಕ್ಕದಲ್ಲಿ ನಿಂತು ನೋಡಿದರೆ ಒಂದು ಮಧ್ಯಾಹ್ನದ ಪಾಠ. ಒಬ್ಬರೇ ಕಲಿಯಲು ಹೊರಟರೆ ಒಂದು ಸೆಮಿಸ್ಟರ್. ಕೆಲವರ ಕೈಗುಣ ಚೆನ್ನಾಗಿದೆ, ಅವರು ಮಾಡಿದರೆ ಆಗುತ್ತದೆ ಅಂತ ಲ್ಯಾಬಿನಲ್ಲಿ ಹೇಳುವುದುಂಟು. ಆ ಕೈಗುಣದ ಹಿಂದೆ ಸಾಮಾನ್ಯವಾಗಿ ತಾಳ್ಮೆಯಿಂದ ಕಲಿಸಿದ ಒಬ್ಬ ಟೆಕ್ನಿಷಿಯನ್ ಇರುತ್ತಾರೆ.

ಆ ಟೆಕ್ನಿಷಿಯನ್ ಹೆಸರು ಪೇಪರಿನಲ್ಲಿ ಎಲ್ಲಿರುತ್ತದೆ? ಬಹಳ ಸಲ ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಅದೂ ಇದ್ದರೆ. ಮೆಡಿಕಲ್ ಜರ್ನಲ್‌ಗಳ ನಿಯಮ ಕೇಳಿದರೆ, ಲೇಖಕರಾಗಬೇಕಾದವರು ಬರಹವನ್ನು ಓದಿ ತಿದ್ದಿರಬೇಕು, ಒಪ್ಪಿಗೆಯನ್ನೂ ಕೊಟ್ಟಿರಬೇಕು ಅನ್ನುತ್ತಾರೆ. ಸರಿ, ಆದರೆ ಡ್ರಾಫ್ಟನ್ನೇ ಕೊಡದೆ "ಅವರು ಓದಿಲ್ಲವಲ್ಲ" ಅಂದರೆ? ಹೀಗೆ ಅವಕಾಶ ತಪ್ಪಿಸಿ ಹೊರಗಿಡಬಾರದು ಅಂತ ಅದೇ ನಿಯಮದಲ್ಲಿ ಬರೆದಿದೆ. ಆ ಸಾಲನ್ನು ಮಾತ್ರ ಯಾರೂ ಓದುವ ಹಾಗೆ ಕಾಣುವುದಿಲ್ಲ. ಈಗ ಬಹಳ ಜರ್ನಲ್‌ಗಳು ಯಾರು ಏನು ಮಾಡಿದರು ಅಂತ 14 ಬಗೆಯ ಪಾತ್ರಗಳಲ್ಲಿ ಬರೆಯಿಸುತ್ತವೆ. ಒಳ್ಳೆಯದೇ. ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಕೆಟ್ಟ ವಾರ ಇಡೀ ಲ್ಯಾಬಿಗೆ ಪಕ್ಕದ ಬಿಲ್ಡಿಂಗಿನಲ್ಲಿ ಸ್ಟೆರೈಲ್ ಮಾಡಿಸಿ ತಂದವರಿಗೆ ಅದರಲ್ಲೂ ಜಾಗ ಇಲ್ಲ.

ಇತಿಹಾಸ ತೆಗೆದರೆ ಎರಡೂ ಥರದ ಉದಾಹರಣೆ ಸಿಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರ ನೊಣದ ಕೋಣೆ ಅಂತ ಒಂದಿತ್ತು. 16 ಅಡಿಗೆ 23 ಅಡಿ, ಅಷ್ಟೇ. ಹಾಲಿನ ಬಾಟಲಿಗಳಲ್ಲಿ ನೊಣ, ಎಲ್ಲ ಕಡೆ ಬಾಳೆಹಣ್ಣಿನ ವಾಸನೆ. ಕ್ಯಾಲ್ವಿನ್ ಬ್ರಿಡ್ಜಸ್ ಅಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ತೊಳೆಯುವ ಬಾಟಲಿಯ ಗಾಜಿನ ಮೂಲಕವೇ ಬೇರೆ ಬಣ್ಣದ ಕಣ್ಣಿನ ನೊಣ ಗುರುತಿಸಿದ ಹುಡುಗ ಅವನು. ಆಲ್ಫ್ರೆಡ್ ಸ್ಟರ್ಟೆವಂಟ್ ಇನ್ನೂ ಡಿಗ್ರಿ ವಿದ್ಯಾರ್ಥಿ. 1911ರ ಒಂದು ರಾತ್ರಿ ಕಾಲೇಜಿನ ಹೋಂವರ್ಕ್ ಬಿಟ್ಟು ಕೂತು ಕ್ರೋಮೋಸೋಮಿನ ಮೇಲೆ ಜೀನ್‌ಗಳು ಯಾವ ಕ್ರಮದಲ್ಲಿವೆ ಅಂತ ಮೊದಲ ನಕ್ಷೆ ಹಾಕಿದ. 1913ರಲ್ಲಿ ಅದು ಅವನೊಬ್ಬನ ಹೆಸರಿನಲ್ಲೇ ಪ್ರಕಟವಾಯಿತು. 1933ರಲ್ಲಿ ಮಾರ್ಗನ್‌ಗೆ ನೊಬೆಲ್ ಬಂದಾಗ ಆ ಹಣವನ್ನು ತಮ್ಮ ಮಕ್ಕಳ ಜೊತೆ ಬ್ರಿಡ್ಜಸ್ ಮತ್ತು ಸ್ಟರ್ಟೆವಂಟ್ ಮಕ್ಕಳಿಗೂ ಹಂಚಿದರು.

ಹಾಗಂತ ಅದೇನು ಸ್ವರ್ಗ ಆಗಿರಲಿಲ್ಲ. ಅದೇ ಗುಂಪಿನ ಹರ್ಮನ್ ಮಲ್ಲರ್‌ಗೆ ತನ್ನ ಯೋಚನೆಗಳಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅನ್ನುವ ಕಹಿ ಉಳಿದೇಬಿಟ್ಟಿತು. ಮುಂದೆ 1946ರಲ್ಲಿ ಅವರಿಗೂ ನೊಬೆಲ್ ಬಂತು. ಎಲ್ಲರೂ ಒಟ್ಟಿಗೆ ಕೂತು ಮಾತಾಡುವ ಕೋಣೆಯಲ್ಲಿ ಯಾವ ಯೋಚನೆ ಯಾರದ್ದು ಅಂತ ಹೇಳುವುದು ಕಷ್ಟ ಅಲ್ವಾ? ಈ ಜಗಳ ಇವತ್ತಿಗೂ ಪ್ರತಿ ಲ್ಯಾಬಿನಲ್ಲಿದೆ.

ಡಗ್ಲಸ್ ಪ್ರಾಷರ್ ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ. ಜೆಲ್ಲಿಮೀನಿನ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಕ್ಲೋನ್ ಮಾಡಿ 1992ರಲ್ಲಿ ಪ್ರಕಟಿಸಿದವರು ಅವರು. ಗ್ರಾಂಟ್ ಮುಂದುವರಿಯಲಿಲ್ಲ. ಕೇಳಿದವರಿಗೆ ಆ ಜೀನ್ ಕಳಿಸಿಕೊಟ್ಟರು. ಹಾಗೆ ಪಡೆದವರಲ್ಲಿ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚಿಯೆನ್ ಇದ್ದರು. 2008ರಲ್ಲಿ ಆ ಇಬ್ಬರು ಒಸಾಮು ಶಿಮೊಮುರಾ ಜೊತೆ ಅದೇ ಪ್ರೋಟೀನಿನ ಕೆಲಸಕ್ಕೆ ನೊಬೆಲ್ ಪಡೆದಾಗ ಪ್ರಾಷರ್ ಒಂದು ಕಾರ್ ಶೋರೂಂನಲ್ಲಿ ವ್ಯಾನ್ ಓಡಿಸುತ್ತಿದ್ದರು. ಚಾಲ್ಫಿ ಮತ್ತು ಚಿಯೆನ್ ಅವರನ್ನು ಮರೆಯಲಿಲ್ಲ, ಪ್ರಶಸ್ತಿ ಸಮಾರಂಭಕ್ಕೆ ತಮ್ಮ ಖರ್ಚಿನಲ್ಲಿ ಕರೆಸಿಕೊಂಡರು. ವ್ಯಕ್ತಿಗಳು ಚೆನ್ನಾಗಿಯೇ ನಡೆದುಕೊಂಡರು. ಆದರೆ ಕೊಟ್ಟವರನ್ನು ಉಳಿಸಿಕೊಳ್ಳುವ ಜವಾಬ್ದಾರಿಯನ್ನು ನಮ್ಮ ವ್ಯವಸ್ಥೆ ಯಾರಿಗೂ ಕೊಟ್ಟಿಲ್ಲ.

"ಇದಕ್ಕೆಲ್ಲ ಟೈಮ್ ಎಲ್ಲಿದೆ? ಮೊದಲು ಪೇಪರ್ ಬರಲಿ" ಅನ್ನುವ ಗೈಡ್‌ಗಳಿದ್ದಾರೆ. ಅವರ ಮೇಲಿನ ಒತ್ತಡ ನನಗೆ ಅರ್ಥವಾಗುತ್ತದೆ. ಗ್ರಾಂಟ್ ರಿನ್ಯೂ ಮಾಡುವವರು ಫ್ರೀಜರ್ ಲಿಸ್ಟ್ ಕೇಳುವುದಿಲ್ಲ. ಆದರೂ ಇದೇನು ಹೆಚ್ಚು ಖರ್ಚಿನ ಬಾಬ್ತಲ್ಲ. ಲ್ಯಾಬ್ ಡ್ಯೂಟಿಗಳನ್ನು ಎಲ್ಲರಿಗೂ ಸರದಿಯಲ್ಲಿ ಹಂಚಬೇಕು, ಪಿಎಚ್‌ಡಿ ಮುಗಿಸಿ ಬಂದ ಪೋಸ್ಟ್‌ಡಾಕ್‌ಗಳಿಗೂ ಸೇರಿಸಿ. ಬಿಟ್ಟು ಹೋಗುವವರಿಗೆ ಕೊನೆಯ ವಾರ ಪ್ರಯೋಗ ಬೇಡ, ತಮ್ಮ ಟ್ಯೂಬು, ನೋಟ್‌ಬುಕ್, ಫೈಲ್‌ಗಳನ್ನು ಒಪ್ಪಿಸುವುದಕ್ಕೇ ಇಡಬೇಕು. ರೆಕಮೆಂಡೇಶನ್ ಪತ್ರ ಬರೆಯುವಾಗ 'ಈಕೆ ಇಷ್ಟು ಜನರಿಗೆ ಕಲಿಸಿದ್ದಾಳೆ' ಅಂತ ಒಂದು ಸಾಲು ಸೇರಿಸಿದರೆ ಗೈಡ್ ಗಂಟೇನೂ ಹೋಗುವುದಿಲ್ಲ.

ಸೇರಲು ಹೊರಟವರಿಗೆ ಹೇಳುವುದಿಷ್ಟು. ಸಾಧ್ಯವಾದರೆ ಒಂದು ಲ್ಯಾಬ್ ಮೀಟಿಂಗಿನಲ್ಲಿ ಹಿಂದೆ ಕೂತು ನೋಡಿ. ಪ್ರಯೋಗ ಕೆಟ್ಟಿದ್ದನ್ನು ಯಾರಾದರೂ ಸ್ಲೈಡಿನಲ್ಲಿ ತೋರಿಸುತ್ತಾರಾ, ತೋರಿಸಿದಾಗ ಮೊದಲ ಪ್ರಶ್ನೆ ಏನು ಬರುತ್ತದೆ ಅಂತ ಗಮನಿಸಿ. ಲ್ಯಾಬ್ ಬಿಟ್ಟು ಹೋದವರಿಗೆ ಫೋನ್ ಮಾಡಿ, ಅದರಲ್ಲೂ ಡಿಗ್ರಿ ಮುಗಿಸದೆ ಹೋದವರು ಸಿಕ್ಕರೆ ಬಿಡಬೇಡಿ. ಮತ್ತೆ, ಗೈಡ್ ಇಲ್ಲದೆ ವಿದ್ಯಾರ್ಥಿಗಳ ಜೊತೆ ಅರ್ಧ ಗಂಟೆ ಮಾತಾಡಬೇಕು ಅಂತ ನೇರವಾಗಿ ಕೇಳಿ. ಅದಕ್ಕೆ ಒಪ್ಪದ ಕಡೆ, ಎಷ್ಟೇ ದೊಡ್ಡ ಹೆಸರಿರಲಿ, ನಾನಾದರೆ ಅರ್ಜಿ ಹಾಕುವುದಿಲ್ಲ.