ತೂಕದ ಜೊತೆಗೆ ಮೂಳೆಯನ್ನೂ ನೋಡಬೇಕು

ಮಧುಮೇಹವಿರುವ ಹಿರಿಯರು ಆಹಾರ, ವ್ಯಾಯಾಮಗಳ ಶಿಸ್ತಿನಿಂದ ತೂಕ ಇಳಿಸಿಕೊಂಡರೆ ಹೃದಯಾಘಾತ ತಪ್ಪುತ್ತದೆ ಎಂದು ನಾನು ಓದಿದ ಲೇಖನವೊಂದು ಖಚಿತವಾಗಿ ಹೇಳಿದೆ. ಆದರೆ ಅಮೆರಿಕದಲ್ಲಿ 5,145 ಮಂದಿಯನ್ನು ಒಳಗೊಂಡಿದ್ದ ‘ಲುಕ್ ಅಹೆಡ್’ ಅಧ್ಯಯನದಲ್ಲಿ, ಶಿಸ್ತು ಪಾಲಿಸಿದವರ ತೂಕ ಮೊದಲ ವರ್ಷ ಸರಾಸರಿ ಶೇ 8.6ರಷ್ಟು ಇಳಿದರೂ, ಸುಮಾರು ಹತ್ತು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಗಮನಾರ್ಹವಾಗಿ ತಗ್ಗಲಿಲ್ಲ. ಹಾಗೆಂದು ಆ ಶ್ರಮ ವ್ಯರ್ಥವಲ್ಲ. ಮೂತ್ರಪಿಂಡದ ಗಂಭೀರ ಕಾಯಿಲೆ ಕಡಿಮೆಯಾಯಿತು, ನಡೆಯುವ, ಮೆಟ್ಟಿಲು ಹತ್ತುವ ಶಕ್ತಿಯೂ ಉಳಿಯಿತು. ನನಗೆ ನಿಜವಾಗಿ ಕಳವಳ ತರುವುದು ಮೂಳೆಯ ವಿಚಾರ: ಅದೇ ಗುಂಪಿನಲ್ಲಿ ಸೊಂಟ, ಭುಜದಂಥ ಕಡೆ ದೌರ್ಬಲ್ಯದಿಂದಾಗುವ ಮುರಿತಗಳು ಹೆಚ್ಚಾದವು. ಆದ್ದರಿಂದ ಎಪ್ಪತ್ತು ದಾಟಿದವರಿಗೆ ತೂಕ ಇಳಿಸಲು ಹೇಳುವಾಗ ಸ್ನಾಯುಬಲದ ವ್ಯಾಯಾಮ, ಮೂತ್ರಪಿಂಡ ತಾಳುವಷ್ಟು ಪ್ರೋಟೀನ್, ಮೂಳೆಸಾಂದ್ರತೆಯ ಪರೀಕ್ಷೆ ಇವನ್ನೂ ಸಲಹೆಯ ಭಾಗವಾಗಿಸಬೇಕೆಂದು ವೈದ್ಯರಲ್ಲಿ ನನ್ನ ವಿನಂತಿ.