ಟೈರ್ ಬಿಚ್ಚುವ ಮುಂಚಿನ ಐದು ನಿಮಿಷ

ಚಕ್ರ ಬದಲಿಸುವುದರಲ್ಲಿ ನಮ್ಮವರ ಕೈ ಚುರುಕು. ಜರ್ಮನಿಯಲ್ಲಿ ಕಾರು ಪಂಕ್ಚರ್ ಆದವರು ಸಾಮಾನ್ಯವಾಗಿ ಫೋನ್ ತೆಗೆದು ಎಡಿಎಸಿಯ ಹಳದಿ ಗಾಡಿಯನ್ನು ಕರೆಯುತ್ತಾರೆ. ಎರಡು ಕೋಟಿಗೂ ಹೆಚ್ಚು ಸದಸ್ಯರಿರುವ ವಾಹನ ಸವಾರರ ಸಂಘ ಅದು. ಕರ್ನಾಟಕದಲ್ಲಾದರೆ ಡಿಕ್ಕಿ ತೆರೆದು ಜ್ಯಾಕ್ ಹೊರಗೆಳೆಯುವುದಕ್ಕೆ ಯಾರೂ ಯಾರನ್ನೂ ಕಾಯುವುದಿಲ್ಲ, ದಾರಿಹೋಕರೂ ಬೈಕ್ ನಿಲ್ಲಿಸಿ ಕೈ ಜೋಡಿಸುತ್ತಾರೆ. ಹೊರನಾಡಿನಲ್ಲಿದ್ದು ಎರಡೂ ಕಡೆ ಕಾರು ಓಡಿಸುವವನಾಗಿ ನನಗೆ ನಮ್ಮ ಈ ಗುಣದ ಬಗ್ಗೆ ಹೆಮ್ಮೆಯಿದೆ. ಆದರೆ ಜ್ಯಾಕ್ ಹೊರಬರುವ ಮುಂಚಿನ ಐದು ನಿಮಿಷದಲ್ಲಿ ಅಲ್ಲಿಯವರು ಮಾಡುವುದನ್ನು ನಾವು ಬಹುಮಟ್ಟಿಗೆ ಮಾಡುವುದೇ ಇಲ್ಲ. ಜೀವ ಹೋಗುವುದು ಆ ಐದು ನಿಮಿಷದ ಅಸಡ್ಡೆಯಿಂದಲೇ ಹೊರತು ನಟ್ ಬಿಗಿಯಾಗಿರುವುದರಿಂದಲ್ಲ.

ಅಲ್ಲಿಯ ಕ್ರಮ ಹೀಗಿದೆ. ಕಾರು ರಸ್ತೆಯ ಅಂಚಿಗೆ ಬರುತ್ತಲೇ ನಾಲ್ಕೂ ಇಂಡಿಕೇಟರ್ ಮಿನುಗಬೇಕು. ಚಾಲಕ ಕೆಳಗಿಳಿಯುವ ಮೊದಲೇ ಮಿಂಚುವ ಜಾಕೆಟ್ ತೊಟ್ಟಿರಬೇಕು. 2014ರ ಜುಲೈ 1ರಿಂದ ಜರ್ಮನಿಯಲ್ಲಿ ನೋಂದಣಿಯಾದ ಪ್ರತಿ ಕಾರಿನಲ್ಲೂ ಕನಿಷ್ಠ ಒಂದು ಜಾಕೆಟ್ ಇರಲೇಬೇಕೆಂದು ಕಾನೂನಿದೆ. ಹಿಂದಿನಿಂದ ಬರುವವರನ್ನು ಎಚ್ಚರಿಸುವ ತ್ರಿಕೋನ ಫಲಕ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೂ ಅದೇ ಕಟ್ಟಳೆ. ಜಾಕೆಟ್ ಇಡಬೇಕಾದ್ದು ಸೀಟಿನ ಕೆಳಗೆ ಅಥವಾ ಬಾಗಿಲಿನ ಜೇಬಿನಲ್ಲಿ, ಡಿಕ್ಕಿಯಲ್ಲಲ್ಲ. ಡಿಕ್ಕಿಯಲ್ಲಿಟ್ಟರೆ ಅದನ್ನು ತೆಗೆಯಲು ಅದಿಲ್ಲದೆಯೇ ರಸ್ತೆಗಿಳಿಯಬೇಕಾಗುತ್ತದೆ. ಉಳಿದವರೆಲ್ಲ ವಾಹನಗಳು ಓಡದ ಕಡೆಯ ಬಾಗಿಲಿನಿಂದ ಇಳಿದು ನೇರವಾಗಿ ರಸ್ತೆಯಂಚಿನ ತಡೆಬೇಲಿಯ, ಅಂದರೆ ಕ್ರಾಶ್ ಬ್ಯಾರಿಯರ್‌ನ ಆಚೆ ಹೋಗಿ ನಿಲ್ಲುತ್ತಾರೆ. ಮಳೆಯಿರಲಿ, ಮಂಜಿರಲಿ, ಯಾರೂ ಕಾರಿನೊಳಗೆ ಕೂರುವುದಿಲ್ಲ.

ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು. ಅಜ್ಜಿಗೆ ಕಾಲು ನೋವು, ಮಗು ಮಲಗಿದೆ ಎಂದು ಅವರನ್ನು ಒಳಗೇ ಬಿಡುತ್ತೇವೆ, ಗಂಡಸರು ಕಾರಿನ ಹಿಂದೆ ಗುಂಪುಗೂಡಿ ನಿಲ್ಲುತ್ತಾರೆ. ನಿಂತ ಕಾರಿಗೆ ಲಾರಿ ಬಂದು ಹಿಂದಿನಿಂದ ಗುದ್ದಿದರೆ ಮೊದಲು ಸಿಕ್ಕಿಕೊಳ್ಳುವವರು ಒಳಗಿರುವವರು ಮತ್ತು ಹಿಂದೆ ನಿಂತವರು. ಅಜ್ಜಿಯನ್ನು ಎತ್ತಿಕೊಂಡಾದರೂ ಆಚೆ ದಾಟಿಸಬೇಕು. ನಿಲ್ಲುವಾಗಲೂ ಕಾರಿನ ನೇರಕ್ಕೆ ನಿಲ್ಲದೆ, ವಾಹನಗಳು ಬರುವ ದಿಕ್ಕಿನತ್ತ ಒಂದಿಷ್ಟು ಹಿಂದಕ್ಕೆ, ಬ್ಯಾರಿಯರ್‌ನ ಆಚೆ ನಿಲ್ಲಬೇಕು. ಗುದ್ದಿಸಿಕೊಂಡ ಕಾರು ಚಿಮ್ಮುವುದು ಮುಂದಕ್ಕೆ.

ತ್ರಿಕೋನದ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಹೊಸ ಕಾರುಗಳ ಜೊತೆಯೂ ಅದು ಬರುತ್ತದೆ. ಎಷ್ಟೋ ಕಾರುಗಳಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಸ್ಟೆಪ್ನಿಯ ಪಕ್ಕ ಮಲಗಿರುತ್ತದೆ. ಹೊರತೆಗೆದವರೂ ಕಾರಿನ ಬಂಪರ್‌ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಇಟ್ಟುಬಿಡುತ್ತಾರೆ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಚಾಲಕ ನೋಡಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ ನಾಲ್ಕು ಹೆಜ್ಜೆ ಮುಗಿದುಹೋಗಿರುತ್ತದೆ. ಜರ್ಮನಿಯ ಎಕ್ಸ್‌ಪ್ರೆಸ್ ಹೆದ್ದಾರಿಯಾದ ಆಟೋಬಾನ್‌ನಲ್ಲಿ ಕನಿಷ್ಠ 150 ಮೀಟರ್ ಹಿಂದೆ ಇಡಬೇಕೆಂದು ಕಲಿಸುತ್ತಾರೆ, ಅಳೆಯುವ ಉಪಾಯವನ್ನೂ ಹೇಳಿಕೊಡುತ್ತಾರೆ. ರಸ್ತೆಯಂಚಿನ ಬಿಳಿ ಕಂಬಗಳು 50 ಮೀಟರಿಗೊಂದರಂತೆ ಇರುವುದರಿಂದ ಮೂರು ಕಂಬ ಎಣಿಸಿದರೆ ಸಾಕು. ನಮ್ಮ ಹೆದ್ದಾರಿಗಳಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು ನೆಟ್ಟಿರುತ್ತಾರೆ. ಅದು ಕಾಣದಿದ್ದರೆ ಹೆಜ್ಜೆ ಎಣಿಸಿ. ಸಾಧಾರಣ ನಡಿಗೆಯ 200 ಹೆಜ್ಜೆಗೆ ಸುಮಾರು 150 ಮೀಟರ್ ಆಗುತ್ತದೆ. ಊರೊಳಗಿನ ರಸ್ತೆಗೆ 50 ಮೀಟರ್, ಜಿಲ್ಲಾ ರಸ್ತೆಗೆ 100 ಮೀಟರ್ ಸಾಕು. ತ್ರಿಕೋನವನ್ನು ಕಾರಿನ ಹತ್ತಿರವೇ ಜೋಡಿಸಿ, ಎದೆಯ ಮುಂದೆ ಹಿಡಿದು, ಬರುವ ವಾಹನಗಳಿಗೆ ಕಾಣುವ ಹಾಗೆ ಬ್ಯಾರಿಯರ್‌ನ ಆಚೆಯಿಂದ ನಡೆದುಹೋಗಬೇಕು.

ಘಾಟಿಯಲ್ಲಿ ಮೀಟರ್ ಲೆಕ್ಕ ಹಿಡಿದು ಕೂತರೆ ಕೆಲಸ ಕೆಡುತ್ತದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ತಿರುವು ಮುಗಿದ ತಕ್ಷಣ ಕಾರು ನಿಂತರೆ, ತ್ರಿಕೋನ ತಿರುವಿನ ಆಚೆ ಬದಿಗೆ, ಅಂದರೆ ಬರುವವನು ತಿರುಗುವ ಮೊದಲೇ ನೋಡುವಂತೆ ಇರಬೇಕು. ಅಂಥ ಕಡೆ ಎದುರಿನಿಂದ ಬರುವವರಿಗೂ ಎಚ್ಚರಿಕೆ ಬೇಕು, ಒಬ್ಬರು ಜಾಕೆಟ್ ತೊಟ್ಟು ಆ ಕಡೆ ಹೋಗಿ ಅಂಚಿನಲ್ಲಿ ನಿಂತು ಕೈಬೀಸುವುದು ಒಳ್ಳೆಯದು. ಮರದ ಕೊಂಬೆ ಮುರಿದು ರಸ್ತೆಗೆ ಹಾಕುವ ನಮ್ಮ ಹಳೆಯ ರೂಢಿ ಹಗಲಿಗೆ ಪರವಾಗಿಲ್ಲ. ರಾತ್ರಿ ಸೊಪ್ಪು ಮಿಂಚುವುದಿಲ್ಲ, ಹತ್ತಿರ ಬರುವವರೆಗೆ ಕಾಣುವುದೂ ಇಲ್ಲ. ಇನ್ನು ರಸ್ತೆಗೆ ಕಲ್ಲು ಸಾಲಾಗಿ ಜೋಡಿಸುವುದು ಮತ್ತು ಕೆಲಸ ಮುಗಿದ ಮೇಲೆ ಅಲ್ಲೇ ಬಿಟ್ಟು ಹೋಗುವುದು. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ನಮ್ಮ ಕಾರು ಹೊರಟ ಮೇಲೆ ಆ ಕಲ್ಲು ಕತ್ತಲಲ್ಲಿ ಒಬ್ಬ ಬೈಕ್ ಸವಾರನಿಗಾಗಿ ಕಾಯುತ್ತಿರುತ್ತದೆ.

ಎಲ್ಲಿ ನಿಲ್ಲಿಸುವುದು ಎಂಬುದೂ ಇದರ ಜೊತೆಗೇ ಬರುತ್ತದೆ. ಟೈರ್ ಗಾಳಿ ಹೋಯಿತೆಂದು ಗೊತ್ತಾದ ಕೂಡಲೇ ಬ್ರೇಕ್ ಒತ್ತಬಾರದು. ಸ್ಟೇರಿಂಗ್ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು. ನಂತರ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ತೆವಳುತ್ತಾ ಸಮತಟ್ಟಾದ, ಗಟ್ಟಿ ನೆಲದ, ದೂರದಿಂದ ಕಾಣುವ ಜಾಗಕ್ಕೆ ಹೋಗಬೇಕು. ಫ್ಲೈಓವರ್‌ನ ಉಬ್ಬಿನ ಆಚೆ, ಸೇತುವೆಯ ಮೇಲೆ, ತಿರುವಿನಲ್ಲಿ ನಿಲ್ಲಲೇಬಾರದು. ರಿಮ್ ಹಾಳಾಗುತ್ತದೆಂದು ನಮ್ಮವರು ಆದಲ್ಲೇ ನಿಲ್ಲಿಸುತ್ತಾರೆ. ಹಾಳಾದರೆ ಆಗಲಿ, ರಿಮ್ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಪಕ್ಕದಲ್ಲೇ ಸರ್ವಿಸ್ ರಸ್ತೆಯಿದೆ, ಅದಕ್ಕಿಳಿಯುವ ದಾರಿ ಹತ್ತಿರವಿದ್ದರೆ ಅಲ್ಲಿಯವರೆಗೆ ತೆವಳಿಸಿಕೊಂಡು ಹೋಗುವುದೇ ಜಾಣತನ.

ಆಟೋಬಾನ್‌ನಲ್ಲಿ ವಾಹನಗಳು ಬಲಗಡೆ ಓಡುವುದರಿಂದ ಎಡಚಕ್ರ ರಸ್ತೆಯ ಕಡೆಗಿರುತ್ತದೆ. ಎಡಚಕ್ರ ಪಂಕ್ಚರ್ ಆದರೆ ತಿಳಿದವರು ತಾವೇ ಬದಲಿಸಲು ಹೋಗುವುದಿಲ್ಲ, ಬ್ಯಾರಿಯರ್‌ನ ಆಚೆ ನಿಂತು ಸಹಾಯಕ್ಕೆ ಕರೆಯುತ್ತಾರೆ. ನಮಗೆ ಅದು ಬಲಚಕ್ರ. ಓಡುವ ಲಾರಿಗಳಿಗೆ ಬೆನ್ನು ಕೊಟ್ಟು, ಕಾಲು ಬಿಳಿಗೆರೆಯ ಮೇಲೆ ಚಾಚಿ, ಬಲಚಕ್ರದ ನಟ್ ಬಿಚ್ಚುವ ಧೈರ್ಯ ಯಾರಿಗೂ ಬೇಡ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ಗಸ್ತು ವಾಹನ, ಕ್ರೇನ್‌ಗೆ ಸುದ್ದಿ ಹೋಗುತ್ತದೆ. ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ, ಯಾವ ಊರಿನ ಕಡೆಗೆ ಹೋಗುವ ಬದಿಯೆಂಬುದನ್ನೂ ಹೇಳಿ. "ಒಂದು ಪೆಟ್ರೋಲ್ ಬಂಕ್ ದಾಟಿದ ಮೇಲೆ" ಎಂದರೆ ಅವರು ಹುಡುಕುತ್ತಲೇ ಇರಬೇಕಾಗುತ್ತದೆ.

ಈಗ ಚಕ್ರದ ಕೆಲಸ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಒಂದಕ್ಕೆ ಹಾಕಿ, ಆಟೊಮ್ಯಾಟಿಕ್ ಆದರೆ ಪಿ ಸ್ಥಾನಕ್ಕೆ ತಂದು, ಎತ್ತುವ ಚಕ್ರಕ್ಕೆ ಓರೆಯಾಗಿ ಎದುರಿರುವ ಚಕ್ರದ ಹಿಂದೆ ಮುಂದೆ, ಅದು ಉರುಳದಂತೆ ಕಟ್ಟೆ ಕೊಡಬೇಕು. ಹ್ಯಾಂಡ್‌ಬ್ರೇಕ್ ಇರುವಾಗ ಇದೇಕೆ ಎಂದು ಕೇಳುವವರು ಬಹಳ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂದಿನದೊಂದನ್ನು ಎತ್ತಿದರೆ ಅದರ ಹಿಡಿತ ಅರ್ಧವಾಯಿತು. ಮುಂದಿನದನ್ನು ಎತ್ತಿದರೆ ಗೇರ್ ಹಿಡಿದುಕೊಳ್ಳುತ್ತದೆಂಬ ನಂಬಿಕೆಯೂ ಸುಳ್ಳು. ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಗಾಳಿಯಲ್ಲಿರುವ ಚಕ್ರ ಒಂದು ಕಡೆ ತಿರುಗಿ, ನೆಲದ ಮೇಲಿರುವ ಚಕ್ರ ಇನ್ನೊಂದು ಕಡೆ ಉರುಳಬಲ್ಲದು. ಇಳಿಜಾರಿನಲ್ಲಿ ಕಾರು ಜ್ಯಾಕ್‌ನಿಂದ ಜಾರುವುದು ಹೀಗೆ. ಕಟ್ಟೆಗೆ ಕಲ್ಲು ಬಳಸಬಹುದು, ಆ ವಿಷಯದಲ್ಲಿ ನಮ್ಮವರು ಸರಿಯಾಗಿದ್ದಾರೆ, ಹೊರಡುವಾಗ ಅದನ್ನು ಚರಂಡಿಯಾಚೆ ಎಸೆದರಾಯಿತು.

ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಸ್ಪ್ಯಾನರ್‌ನ ಹಿಡಿ ಎಡಕ್ಕೆ ಅಡ್ಡವಾಗಿ ನಿಲ್ಲುವಂತೆ ಹಾಕಿ, ಕೆಳಕ್ಕೆ ಒತ್ತಬೇಕು. ಮೇಲಕ್ಕೆಳೆದರೆ ಸೊಂಟ ಹಿಡಿದುಕೊಳ್ಳುತ್ತದೆ. ಜ್ಯಾಕ್ ಕೂರಬೇಕಾದ್ದು ಬಾಗಿಲಿನ ಕೆಳಗಿನ ತಗಡಿನ ಅಂಚಿನಲ್ಲಿ ಎರಡು ಕಚ್ಚುಗಳಿರುವ ಕಡೆ, ಅವುಗಳ ನಡುವೆ ಮಾತ್ರ. ಒಂದು ಇಂಚು ಆಚೀಚೆಯಾದರೂ ತಗಡು ಮಡಚಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದ ಕೆಂಪುಮಣ್ಣಿನಲ್ಲಿ ಜ್ಯಾಕ್‌ನ ಕಾಲು ಹೂತುಹೋಗುತ್ತದೆ. ಅದಕ್ಕೆ ಒಂದಡಿ ಚೌಕದ, ಎರಡು ಸೆಂಟಿಮೀಟರ್ ದಪ್ಪದ ಹಲಗೆಯೊಂದು ಡಿಕ್ಕಿಯಲ್ಲಿ ಸದಾ ಇರಲಿ. ಎತ್ತಿದ ಮೇಲೆ ಸ್ಟೆಪ್ನಿಯನ್ನು ಜ್ಯಾಕ್ ಪಕ್ಕದಲ್ಲಿ ಕಾರಿನಡಿಗೆ ಮಲಗಿಸಬೇಕು, ಪಂಕ್ಚರ್ ಆದ ಚಕ್ರ ಹೊರಬಂದಾಗ ಅದನ್ನು ಕಾರಿನಡಿಗೆ ತಳ್ಳಿ ಸ್ಟೆಪ್ನಿ ತೆಗೆದುಕೊಳ್ಳಬೇಕು. ಜ್ಯಾಕ್ ಕೈಕೊಟ್ಟರೂ ಕಾರು ಚಕ್ರದ ಮೇಲೆ ಕೂರುತ್ತದೆಯೇ ಹೊರತು ಡಿಸ್ಕ್ ನೆಲಕ್ಕೆ ಬಡಿಯುವುದಿಲ್ಲ, ನಿಮ್ಮ ಪಾದವೂ ಉಳಿಯುತ್ತದೆ.

ನಟ್ ಎಲ್ಲ ತೆಗೆದರೂ ಚಕ್ರ ತಾನು ಕೂರುವ ಹಬ್‌ಗೆ ಕಚ್ಚಿಕೊಂಡು ಬರದೇ ಇರುವುದುಂಟು, ಅಲಾಯ್ ವೀಲ್‌ಗಳಲ್ಲಂತೂ ಇನ್ನೂ ಹೆಚ್ಚು. ಕಬ್ಬಿಣದ ಹಬ್, ಅಲ್ಯೂಮಿನಿಯಂ ರಿಮ್, ನಡುವೆ ನೀರು ಸೇರಿದರೆ ತುಕ್ಕು ಅಂಟಿನಂತೆ ಹಿಡಿಯುತ್ತದೆ. ಜ್ಯಾಕ್ ಮೇಲಿರುವ ಕಾರನ್ನು ಜೋರಾಗಿ ಒದೆಯುವುದು ಬೇಡ. ನಟ್‌ಗಳನ್ನು ಎರಡು ಮೂರು ಸುತ್ತು ಮತ್ತೆ ಹಾಕಿ, ಬಿಗಿಯದೆ, ಕಾರನ್ನು ನೆಲಕ್ಕಿಳಿಸಿದರೆ ಅದರ ಭಾರಕ್ಕೇ ಕಟಕ್ಕೆಂದು ಬಿಡುತ್ತದೆ. ಟೊಯೋಟಾ, ಹ್ಯುಂಡೈನಂಥ ಕಾರುಗಳಲ್ಲಿ ಹಬ್‌ನಿಂದ ಸ್ಟಡ್, ಅಂದರೆ ನಟ್ ಕೂರುವ ತಿರುಪಿನ ಕಡ್ಡಿ, ಹೊರಚಾಚಿರುತ್ತದೆ, ಚಕ್ರವನ್ನು ಅದಕ್ಕೆ ನೇತುಹಾಕಬಹುದು. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಸ್ಟಡ್ ಇರುವುದಿಲ್ಲ, ಬೋಲ್ಟ್ ಒಳಕ್ಕೆ ಹೋಗಬೇಕು. ಚಕ್ರವನ್ನು ಪಾದದ ಮೇಲೆ ಎತ್ತಿ ಹಿಡಿದು ರಂಧ್ರ ಹೊಂದಿಸಿ ಮೇಲಿನ ಬೋಲ್ಟ್ ಮೊದಲು ಹಾಕಿ. ಮೊದಲ ಕೆಲವು ಸುತ್ತು ಬೆರಳಿನಿಂದಲೇ ಹೋಗಬೇಕು, ತಡೆದರೆ ತಿರುಪಿನ ಹಲ್ಲು ತಪ್ಪಿದೆ ಎಂದರ್ಥ.

ಬಿಗಿಯುವ ವಿಷಯದಲ್ಲಿ ಜರ್ಮನರಿಂದ ನಾನು ಕಲಿತದ್ದು ಹೆಚ್ಚು. ಅಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಟೈರ್ ಸೆಟ್ ಇರುವುದರಿಂದ ವರ್ಷಕ್ಕೆರಡು ಸಲ ನಾಲ್ಕೂ ಚಕ್ರ ಬದಲಾಗುತ್ತವೆ. ಎಷ್ಟೋ ಮನೆಗಳಲ್ಲಿ ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ಸ್ಪ್ಯಾನರ್ ಇರುತ್ತದೆ. ಸಾಮಾನ್ಯ ಕಾರಿನ ನಟ್‌ಗೆ ಬೇಕಾದ್ದು 100ರಿಂದ 120 ನ್ಯೂಟನ್ ಮೀಟರ್, ಖಚಿತ ಅಂಕಿ ಕಾರಿನ ಕೈಪಿಡಿಯಲ್ಲಿರುತ್ತದೆ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಸುಮಾರು 45 ಕಿಲೋ ಭಾರದಷ್ಟು ಒತ್ತಿದರೆ ಅಷ್ಟಾಗುತ್ತದೆ. ನಮ್ಮಲ್ಲಿ ಮಾಡುವಂತೆ 70 ಕಿಲೋದ ಆಳು 30 ಸೆಂಟಿಮೀಟರ್ ಹಿಡಿಯ ಮೇಲೆ ಹತ್ತಿ ನಿಂತರೆ 200 ದಾಟುತ್ತದೆ. ಆಗ ಸ್ಟಡ್ ಹಿಗ್ಗುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗಬಹುದು, ಮುಂದಿನ ಸಲ ಬಿಚ್ಚಲು ನಿಮ್ಮಿಂದಾಗುವುದಿಲ್ಲ. ಸುಲಭವಾಗಲಿ ಎಂದು ಹಲ್ಲಿಗೆ ಎಣ್ಣೆ ಸವರುವುದೂ ಅದೇ ತಪ್ಪು. ಜಾರಿಕೆ ಹೆಚ್ಚಿದಾಗ ಅದೇ ಬಲಕ್ಕೆ ನಟ್ ಇನ್ನಷ್ಟು ಬಿಗಿಯುತ್ತದೆ. ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಬಿಗಿಯಬೇಕು, ಐದು ನಟ್ ಇದ್ದರೆ ನಕ್ಷತ್ರ ಬರೆದ ಹಾಗೆ. ಕೊನೆಯ ಬಿಗಿ ಕಾರು ನೆಲಕ್ಕಿಳಿದ ಮೇಲೆ. ಮತ್ತೆ 50 ಕಿಲೋಮೀಟರ್ ಓಡಿದ ನಂತರ ಒಮ್ಮೆ ಪರೀಕ್ಷಿಸಬೇಕು. ಈ ಕೊನೆಯದನ್ನು ನಮ್ಮಲ್ಲಿ ಮಾಡುವವರು ತೀರಾ ಅಪರೂಪ.

ಸ್ಟೆಪ್ನಿ ಎಂಬ ಮಾತು ಜರ್ಮನರಿಗೆ ಗೊತ್ತಿಲ್ಲ. ವೇಲ್ಸ್‌ನ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹುಟ್ಟಿದ ಹೆಚ್ಚುವರಿ ಚಕ್ರದ ಹೆಸರು ನಮ್ಮ ಬಾಯಲ್ಲಿ ಉಳಿದುಕೊಂಡಿದೆ. ಚಕ್ರವೇ ಈಗ ಉಳಿಯುವುದು ಅನುಮಾನ. ಟೈರಿನ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಭಾರತದಲ್ಲಿ 2020ರಲ್ಲೇ ನಿಯಮ ಬದಲಾಗಿದೆ. ಜರ್ಮನಿಯ ಹೊಸ ಕಾರುಗಳಲ್ಲಿ ಎಷ್ಟೋ ವರ್ಷದಿಂದ ಹೀಗೇ. ಕಿಟ್‌ನ ದ್ರಾವಣ ಟೈರಿನ ನೆಲ ತಾಗುವ ಭಾಗದ ಮೊಳೆ ತೂತಿಗೆ ಸರಿ. ಪಕ್ಕದ ಗೋಡೆ ಹರಿದರೆ ಪ್ರಯೋಜನವಿಲ್ಲ. ಬಾಟಲಿಗೆ ಅವಧಿ ಮುಗಿಯುವ ದಿನಾಂಕವೂ ಇರುತ್ತದೆ. ಗುಂಡಿಗೆ ಬಿದ್ದು ಟೈರಿನ ಪಕ್ಕ ಸೀಳುವುದು ಮಾಮೂಲಾಗಿರುವ ನಮ್ಮ ರಸ್ತೆಗಳಿಗೆ ಬಾಟಲಿಗಿಂತ ಚಕ್ರವೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಚಕ್ರದಲ್ಲಿ ಗಾಳಿಯಿರಬೇಕಲ್ಲ. ತಿಂಗಳಿಗೊಮ್ಮೆ ನಾಲ್ಕು ಟೈರಿಗೆ ಗಾಳಿ ತುಂಬಿಸುವಾಗ ಐದನೆಯದನ್ನೂ ನೋಡಿಸಿ. ತೆಳ್ಳನೆಯ ತಾತ್ಕಾಲಿಕ ಚಕ್ರವಾದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, 80 ಕಿಲೋಮೀಟರ್‌ಗಿಂತ ವೇಗ ಬೇಡ. ಅಲಾಯ್ ಚಕ್ರಕ್ಕೆ ಕಳ್ಳರು ಬಿಚ್ಚದಂತೆ ಹಾಕುವ ಲಾಕ್ ನಟ್ ಇದ್ದರೆ ಅದರ ಕೀಲಿ ಎಲ್ಲಿದೆಯೆಂದು ಇವತ್ತೇ ಹುಡುಕಿಡಿ.

ಒಂದು ವಿಷಯದಲ್ಲಿ ಜರ್ಮನರು ನಮ್ಮಿಂದ ಕಲಿಯಬೇಕು. ನಮ್ಮ ಪಂಕ್ಚರ್ ಅಂಗಡಿಯವನು ಚಕ್ರವನ್ನು ಬಿಚ್ಚದೆಯೇ ಮೊಳೆ ಕಿತ್ತು, ತೂತನ್ನು ಉಜ್ಜಿ, ಅಂಟು ಬಳಿದ ರಬ್ಬರ್ ಎಳೆ ತುರುಕಿ ಹತ್ತು ನಿಮಿಷದಲ್ಲಿ ಗಾಡಿ ಓಡಿಸುತ್ತಾನೆ. ಅಲ್ಲಿ ಟೈರನ್ನು ರಿಮ್‌ನಿಂದ ಕಳಚಿ, ಒಳಗೆ ಪರೀಕ್ಷಿಸಿ, ಒಳಗಿನಿಂದ ತೇಪೆ ಹಾಕಿದರಷ್ಟೇ ರಿಪೇರಿ ಎನ್ನುತ್ತಾರೆ, ಬಹಳ ಸಲ ಹೊಸ ಟೈರನ್ನೇ ಕೊಳ್ಳಿಸುತ್ತಾರೆ. ಊರು ಮುಟ್ಟಲು ನಮ್ಮ ಎಳೆ ಸಾಕು; ಹೆದ್ದಾರಿಯ ವೇಗಕ್ಕೆ ದಿನಾ ಓಡುವ ಕಾರಾದರೆ ಆಮೇಲೊಮ್ಮೆ ಒಳಗಿನ ತೇಪೆಯನ್ನೂ ಹಾಕಿಸಿ.

ಹೊರಡುವಾಗ ಎಲ್ಲಕ್ಕಿಂತ ಕೊನೆಗೆ ತರಬೇಕಾದ್ದು ತ್ರಿಕೋನ. ಜ್ಯಾಕ್, ಸ್ಪ್ಯಾನರ್, ಹಲಗೆ, ಹಳೆಯ ಚಕ್ರ ಎಲ್ಲ ಒಳಗೆ ಸೇರಿ, ಕಟ್ಟೆಯ ಕಲ್ಲು ರಸ್ತೆಯಾಚೆ ಹೋಗಿ, ಜನ ಇನ್ನೂ ಬ್ಯಾರಿಯರ್‌ನ ಆಚೆಯೇ ಇರುವಾಗ, ಜಾಕೆಟ್ ತೊಟ್ಟ ಒಬ್ಬರು ಹೋಗಿ ಅದನ್ನು ಮಡಚಿ ತರಲಿ. ಜಾಕೆಟ್ ಬಿಚ್ಚುವುದು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೆ.