ಭೂತಗನ್ನಡಿ ಇಲ್ಲದೆ ಸೇವ್ ತಿನ್ನಬೇಡಿ

ನಮ್ಮ ಮಾವನಿಗೆ ಬಿಪಿ ಜಾಸ್ತಿ. ಕುಮಟಾದಿಂದ ಮುಂಬೈಯ ಮುಲುಂಡ್‌ಗೆ ಮಗಳ ಮನೆಗೆ ಬಂದವರು, ಎಲೆಯ ತುದಿಗೆ ಉಪ್ಪು ಬಡಿಸದೆ ಊಟ ಶುರು ಮಾಡಿದವರೇ ಅಲ್ಲ. ಡಾಕ್ಟರು ದಿನಕ್ಕೆ 5 ಗ್ರಾಂ ದಾಟಬೇಡಿ, ಒಂದು ಟೀ ಚಮಚ ಅಷ್ಟೇ ಅಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಸರಿ, ಸಾರಿನ ಉಪ್ಪನ್ನು ಚಮಚದಲ್ಲಿ ಅಳೆಯಬಹುದು. ಸೇವ್‌ನಂಥ ಕುರುಕಲು ತಿಂಡಿಯ ಪ್ಯಾಕೆಟ್ಟಿನದನ್ನು?

ಮಾವ ಭೂತಗನ್ನಡಿ ತಂದರು. ಪ್ಯಾಕೆಟ್ಟಿನ ಬೆನ್ನಲ್ಲಿ ಇರುವೆ ಸಾಲಿನಂಥ ಅಕ್ಷರ: 100 ಗ್ರಾಂಗೆ ಸೋಡಿಯಂ 800 ಮಿಲಿಗ್ರಾಂ.

'ಉಪ್ಪು ಎಲ್ಲಿ ಬರೆದಿದ್ದಾರೆ?'

'ಬರೆದಿಲ್ಲ ಮಾವ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಬೇಕು. 2 ಗ್ರಾಂ.'

'ಅಲ್ಲಾ, ಡಾಕ್ಟರು ಚಮಚದಲ್ಲಿ ಹೇಳ್ತಾರೆ, ಕಂಪನಿಯವರು ಮಿಲಿಗ್ರಾಂನಲ್ಲಿ ಹೇಳ್ತಾರೆ, ನಡುವೆ ನಾನು ಮಗ್ಗಿ ಹೇಳ್ತಾ ಕೂರಬೇಕಾ?'

ಹೌದು, ಕೂರಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಗಾದೆ. ಸುರಿದವನು ಏನು ಮಾಡಬೇಕು ಅನ್ನೋದು ಗಾದೆಯಲ್ಲೂ ಇಲ್ಲ, ಕಾನೂನಲ್ಲೂ ಇಲ್ಲ. ಚಿಲಿ ದೇಶದಲ್ಲಿ 2016ರಿಂದಲೇ ಉಪ್ಪು ಜಾಸ್ತಿಯಿದ್ದರೆ ಪ್ಯಾಕೆಟ್ಟಿನ ಮುಖದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತುತ್ತಾರೆ, ಓದು ಬಾರದವರಿಗೂ ಅರ್ಥ ಆಗುತ್ತೆ. ನಮ್ಮಲ್ಲಿ 2022ರಲ್ಲಿ ಬಂದ ಕರಡು ನಿಯಮ ಏನು ಗೊತ್ತಾ? ಸ್ಟಾರ್! ಅರ್ಧದಿಂದ ಐದರವರೆಗೆ. ಅಂದರೆ ಎಷ್ಟು ಕೆಟ್ಟ ಚಿಪ್ಸಾದರೂ ಸೊನ್ನೆ ಇಲ್ಲ, ಅರ್ಧ ಸ್ಟಾರ್ ಗ್ಯಾರಂಟಿ. ಎಚ್ಚರಿಕೆ ಕೇಳಿದರೆ ಬಹುಮಾನ ಕೊಡೋ ಪದ್ಧತಿ ಇದು. 2025ರಲ್ಲಿ ಆಫೀಸುಗಳಿಗೆ, ತಿಂಡಿಯಲ್ಲಿ ಎಣ್ಣೆ ಎಷ್ಟು, ಸಕ್ಕರೆ ಎಷ್ಟು ಅಂತ ತಿಳಿಸೋ ಎಣ್ಣೆ-ಸಕ್ಕರೆ ಬೋರ್ಡು ಹಾಕಿ ಅಂದರು. ಒಳ್ಳೆಯದೇ. ಆದರೆ ಬೋರ್ಡಿನ ಹೆಸರಲ್ಲಿ ಉಪ್ಪಿಲ್ಲ, ಅದು ಸಪ್ಪೆ ಬೋರ್ಡು.

ಉಪ್ಪಿನ ವಿಷಯದಲ್ಲಿ ಸರ್ಕಾರದ ಕೈಲಿ ಏನೂ ಆಗಲ್ಲ ಅನ್ನಬೇಡಿ. 2006ರಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವಂತಿಲ್ಲ ಅಂತ ಆದೇಶ ಜಾರಿಗೆ ಬಂತು, ಸಾಣಿಕಟ್ಟೆಯ ಉಪ್ಪಿನ ಆಗರದವರೂ ಅದಕ್ಕೆ ತಲೆಬಾಗಬೇಕಾಯಿತು. ಹಳ್ಳಿಯ ಅಂಗಡಿಯ ಉಪ್ಪಿನೊಳಗೆ ಅಯೋಡಿನ್ ತೂರಿಸುವ ತಾಕತ್ತಿದೆ. ಪ್ಯಾಕೆಟ್ಟಿನ ಮುಂದೆ ನಾಲ್ಕು ದಪ್ಪ ಅಕ್ಷರ ಬರೆಸೋಕೆ ಮಾತ್ರ ಸಮಿತಿ, ಕರಡು, ಆಕ್ಷೇಪಣೆ, ಇನ್ನೊಂದು ಸಮಿತಿ. ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಮೂರು ತಿಂಗಳು ಗಡುವು ಕೊಟ್ಟಿತು. ಜುಲೈನಲ್ಲಿ ಇನ್ನೂ ಮೂರು ತಿಂಗಳು.

2025ರೊಳಗೆ ಜನ ತಿನ್ನುವ ಉಪ್ಪನ್ನು ಶೇ 30 ಇಳಿಸುವ ಗುರಿಯನ್ನು ದೇಶಗಳೆಲ್ಲ ಸೇರಿ ಒಪ್ಪಿದ್ದು 2013ರಲ್ಲಿ. ನಮ್ಮ ಮುಂಬೈ ಅದನ್ನು ತನ್ನದೇ ರೀತಿಯಲ್ಲಿ ಮಾಡಿ ತೋರಿಸುತ್ತಿದೆ. ಕಾಂಜೂರ್, ಭಾಂಡುಪ್, ಮುಲುಂಡ್ ಕಡೆಯ ಸುಮಾರು 256 ಎಕರೆ ಉಪ್ಪಿನ ಜಾಗವನ್ನು ಧಾರಾವಿ ಕೊಳೆಗೇರಿ ಪುನರಭಿವೃದ್ಧಿ ಯೋಜನೆಯ ಮನೆಗಳಿಗೆ ಕೊಡಲು 2024ರಲ್ಲಿ ಒಪ್ಪಿಗೆ ಸಿಕ್ಕಿತು. ಜನರ ತಟ್ಟೆಯಲ್ಲಿ ಆಗದಿದ್ದರೇನು, ನೆಲದಲ್ಲಾದರೂ ಉಪ್ಪು ಇಳಿಯಿತಲ್ಲ!

ಹೈವೇಯಲ್ಲಿ ಬಸ್ಸು ಹೋಗುವಾಗ ಮಾವನಿಗೆ ಆ ಜಾಗ ತೋರಿಸಿದೆ. ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿದರು.

'ಇಲ್ಲಿ ಮನೆ ಕಟ್ಟಿದರೆ ಕೆಳಗಡೆ ಸೇವ್ ಮಾರೋ ಒಂದು ಫರ್ಸಾಣ್ ಅಂಗಡಿ ಬರುತ್ತಲ್ವಾ?'